ಹೊಸ ಕ್ಯಾಮೆರಾಕ್ಕೆ ಹಳೆಯ ಕಣ್ಣು

ಉಡುಪಿಯಿಂದ ಕುಂದಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೋಟ ದಾಟಿ, ಕುಂಭಾಶಿ ತಲುಪುವ ಮುನ್ನ ಸಿಗುವ ಊರು ತೆಕ್ಕಟ್ಟೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆಬಯಲು. ಹೆಂಚಿನ ಕಾರ್ಖಾನೆಗಳಿಗಾಗಿ ಆವೆಮಣ್ಣು ತೆಗೆದ ಹೊಂಡಗಳಲ್ಲಿ ನೀರು ನಿಂತು, ಸಮೀಪದ ಮಲ್ಯಾಡಿ ಹಕ್ಕಿಗಳ ಬೀಡಾಗಿದೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಯಕ್ಷಗಾನ ಮೇಳಗಳ ರಂಗಸ್ಥಳ ಏಳುತ್ತದೆ. ಮಕ್ಕಳಿಗೆ ಹೆಜ್ಜೆ ಕಲಿಸುವ ಕೊಮೆಯ ಯಶಸ್ವೀ ಕಲಾವೃಂದವೂ ಇಲ್ಲಿಯದೇ. ಹಗಲಿಗೆ ಹಕ್ಕಿ, ಇರುಳಿಗೆ ಆಟ: ಕ್ಯಾಮೆರಾ ಹಿಡಿದವರನ್ನು ಕರೆಯುವ ವಿಷಯಗಳಿಗೆ ಇಲ್ಲಿ ಕೊರತೆಯಿಲ್ಲ.

ಆದರೆ ಇದೇ ಊರು ಕ್ಯಾಮೆರಾದ ಕಣ್ಣಿಗೆ ಶತ್ರುವೂ ಹೌದು. ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆ, ಉಪ್ಪು ತುಂಬಿದ ಗಾಳಿ, ಬಟ್ಟೆ ಒಣಗದ ಆಷಾಢದ ದಿನಗಳು ಮಸೂರದ ಗಾಜಿನ ಮೇಲೆ ಬೂಷ್ಟು ಬೆಳೆಸುತ್ತವೆ. ಫಿಲಂ ಕಾಲದ ಎಷ್ಟೋ ಲೆನ್ಸುಗಳು ಕರಾವಳಿಯ ಕಪಾಟುಗಳಲ್ಲಿ ಹೀಗೆಯೇ ಕುರುಡಾಗಿವೆ. ಉಳಿದವು ಗುಜರಿಗೆ ಹೋಗುವ ಹಾದಿಯಲ್ಲಿದ್ದಾಗ ಒಂದು ವಿಚಿತ್ರ ನಡೆಯಿತು. ಫಿಲಂ ಅನ್ನು ಮೂಲೆಗೆ ತಳ್ಳಿದ ಡಿಜಿಟಲ್ ಕ್ಯಾಮೆರಾವೇ ಫಿಲಂ ಕಾಲದ ಲೆನ್ಸಿಗೆ ಮರುಜನ್ಮ ಕೊಟ್ಟಿತು. ಐವತ್ತು ಅರವತ್ತು ವರ್ಷ ಹಿಂದಿನ ಲೆನ್ಸನ್ನು ನಿನ್ನೆ ಮೊನ್ನೆಯ ಕ್ಯಾಮೆರಾಕ್ಕೆ ತಿರುಗಿಸಿ ಹಾಕಿ ಚಿತ್ರ ತೆಗೆಯುವವರು ಇಂದು ಜಗತ್ತಿನ ಎಲ್ಲೆಡೆ ಇದ್ದಾರೆ. ಇದು ಹೇಗೆ ಸಾಧ್ಯವಾಯಿತು, ಮತ್ತು ತೆಕ್ಕಟ್ಟೆಯಂಥ ಊರಿಗೆ ಇದರಿಂದ ಏನಾಗಬೇಕಾಗಿದೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಗಾಜಿನ ಹಿಂದಿನ ಗಣಿತ

ಕ್ಯಾಮೆರಾ ಎಂದರೆ ಮೂಲತಃ ಎರಡೇ ಅಂಗ. ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಮಸೂರ ಒಂದು. ಕೂಡಿದ ಬೆಳಕನ್ನು ಹಿಡಿದಿಡುವ ಹಾಳೆ ಇನ್ನೊಂದು. 1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನ ಪ್ರಕಟವಾದಾಗ ಹಾಳೆಯ ಸಮಸ್ಯೆ ಒಂದು ಹಂತಕ್ಕೆ ಬಗೆಹರಿದಿತ್ತು. ಆದರೆ ಮಸೂರ ಬಡವಾಗಿತ್ತು. ಅದರ ಮೂಲಕ ಬರುವ ಬೆಳಕು ಎಷ್ಟು ಕಡಿಮೆಯೆಂದರೆ, ಚಿತ್ರಕ್ಕೆ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಿತ್ತು. ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಹೊಸ ಮಸೂರವನ್ನು ರೂಪಿಸಿದ. ಬೆಳಕಿನ ಕಿರಣಗಳ ಲೆಕ್ಕಕ್ಕೆ ಆತನಿಗೆ ನೆರವಾದವರು ಆಸ್ಟ್ರಿಯಾದ ಫಿರಂಗಿ ದಳದ ಸೈನಿಕರು. ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದವರು ಕಿರಣ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದರು. ಆ ಮಸೂರದಿಂದ ಮನುಷ್ಯರ ಭಾವಚಿತ್ರ ತೆಗೆಯುವುದು ಕಸುಬಾಗಿ ಬೆಳೆಯಿತು.

ಅಲ್ಲಿಂದ ಮುಂದಿನ ಕಥೆ ಜರ್ಮನಿಯ ಜೇನಾ ನಗರದ್ದು. ಅರ್ನ್‌ಸ್ಟ್ ಅಬ್ಬೆ ಮತ್ತು ಒಟ್ಟೊ ಶಾಟ್ ಸೇರಿ 1880ರ ದಶಕದಲ್ಲಿ ಹೊಸ ಬಗೆಯ ಗಾಜುಗಳನ್ನು ತಯಾರಿಸಿದರು. ಅಲ್ಲಿಯ ಝೈಸ್ ಸಂಸ್ಥೆಯ ಪಾಲ್ ರುಡಾಲ್ಫ್ 1896ರಲ್ಲಿ ಪ್ಲಾನಾರ್, 1902ರಲ್ಲಿ ಟೆಸ್ಸಾರ್ ಎಂಬ ಮಸೂರಗಳನ್ನು ರೂಪಿಸಿದ. ನಾಲ್ಕೇ ಗಾಜುಗಳ ಟೆಸ್ಸಾರ್ ವಿನ್ಯಾಸ ಮುಂದಿನ ನೂರು ವರ್ಷ ಲೆಕ್ಕವಿಲ್ಲದಷ್ಟು ಕ್ಯಾಮೆರಾಗಳಲ್ಲಿ ಕುಳಿತಿತು. ಆದರೆ ಪ್ಲಾನಾರ್‌ನಂಥ ಹೆಚ್ಚು ಗಾಜಿನ ಮಸೂರಗಳಿಗೆ ಒಂದು ಕೊರತೆ ಇತ್ತು. ಬರಿಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಗಾಳಿಗೆ ತಗಲುವ ಎಂಟು ಮೈಗಳಿದ್ದರೆ ಕಾಲು ಭಾಗಕ್ಕೂ ಹೆಚ್ಚು ಬೆಳಕು ಹಾದಿಯಲ್ಲೇ ಪೋಲು. ಪೋಲಾದದ್ದು ಒಳಗೇ ಅಡ್ಡಾಡಿ ಚಿತ್ರವನ್ನು ಮಬ್ಬುಗೊಳಿಸುತ್ತದೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ಅತಿ ತೆಳುವಾದ ಲೇಪ ಹಚ್ಚುವ ಕ್ರಮ ಕಂಡುಹಿಡಿದ ಮೇಲೆ ಈ ಕೊರತೆ ನೀಗಿತು. ಹಳೆಯ ಲೆನ್ಸನ್ನು ಓರೆಯಾಗಿ ಹಿಡಿದರೆ ಕಾಣುವ ನೀಲಿ, ನೇರಳೆ, ಹಳದಿ ಮಿಂಚು ಆ ಲೇಪದ್ದೇ.

ಈ ನಡುವೆ 1925ರಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಿತ್ತು. ಸಿನಿಮಾ ಫಿಲಮನ್ನೇ ಬಳಸಿ, 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಚಿತ್ರ ತೆಗೆಯುವ ಆ ಪುಟ್ಟ ಪೆಟ್ಟಿಗೆ ಎರಡು ಪದ್ಧತಿಗಳನ್ನು ಹುಟ್ಟುಹಾಕಿತು. ಒಂದು, ಆ ಚಿತ್ರದ ಅಳತೆ. ಇನ್ನೊಂದು, 1930ರ ದಶಕದ ಆರಂಭಕ್ಕೆ ರೂಢಿಗೆ ಬಂದ, ಬೇಕಾದಾಗ ಬಿಚ್ಚಿ ಬೇರೆ ಹಾಕಬಹುದಾದ 39 ಮಿಲಿಮೀಟರ್ ತಿರುಪಿನ ಲೆನ್ಸು. ಈ ಎರಡು ಅಳತೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ಅವು ಮತ್ತೆ ಬರುತ್ತವೆ.

ಜೇನಾದಿಂದ ಕ್ರಾಸ್ನೊಗೊರ್ಸ್ಕ್‌ಗೆ

ಇಂದಿನ ಹಳೆಯ ಲೆನ್ಸು ಪ್ರಿಯರ ಬಾಯಲ್ಲಿ ಹೆಚ್ಚು ಕೇಳಿಬರುವ ಹೆಸರು ಹೀಲಿಯಾಸ್. ಅದರ ವಂಶವೃಕ್ಷ ಯುದ್ಧದ ನಡುವೆ ಹಾದು ಬಂದಿದೆ. 1930ರ ದಶಕದಲ್ಲಿ ಝೈಸ್‌ನ ವಿಲಿ ಮೆರ್ಟೆ 58 ಮಿಲಿಮೀಟರ್‌ನ ಬಯೋಟಾರ್ ಎಂಬ ಲೆನ್ಸನ್ನು ರೂಪಿಸಿದ್ದ. ಎರಡನೆಯ ಮಹಾಯುದ್ಧದ ನಂತರ ಜೇನಾ ಸೋವಿಯತ್ ವಲಯಕ್ಕೆ ಸೇರಿತು. ಯುದ್ಧ ಪರಿಹಾರದ ಹೆಸರಿನಲ್ಲಿ ಯಂತ್ರಗಳು, ನಕ್ಷೆಗಳು, ತಜ್ಞರು ರೈಲು ಹತ್ತಿದರು. ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಬಯೋಟಾರ್ ಹೆಸರು ಬದಲಿಸಿಕೊಂಡು ಹೀಲಿಯಾಸ್-44 ಆಯಿತು. ಝೆನಿತ್ ಕ್ಯಾಮೆರಾಗಳ ಜೊತೆ ಲಕ್ಷ ಲಕ್ಷ ಸಂಖ್ಯೆಯಲ್ಲಿ ಹೊರಬಂತು.

ಪೂರ್ವ ಜರ್ಮನಿಯಲ್ಲಿ ಉಳಿದ ಕುಶಲಕರ್ಮಿಗಳೂ ಸುಮ್ಮನೆ ಕೂರಲಿಲ್ಲ. 1949ರಲ್ಲಿ ಡ್ರೆಸ್ಡನ್‌ನಿಂದ ಬಂದ ಕಾಂಟಾಕ್ಸ್ ಎಸ್ ಕ್ಯಾಮೆರಾ 42 ಮಿಲಿಮೀಟರ್ ತಿರುಪಿನ ಲೆನ್ಸು ಹಾಕಿಕೊಂಡಿತ್ತು. ಈ ತಿರುಪನ್ನು ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಜಪಾನಿನ ಪೆಂಟಾಕ್ಸ್, ಸೋವಿಯತ್ ದೇಶದ ಝೆನಿತ್ ಎಲ್ಲವೂ ಒಪ್ಪಿಕೊಂಡವು. ರಾಜಕೀಯದಲ್ಲಿ ಜಗತ್ತು ಎರಡು ಬಣವಾಗಿದ್ದ ಕಾಲದಲ್ಲಿ ಟೋಕಿಯೋದ ಲೆನ್ಸು ಮಾಸ್ಕೋದ ಕ್ಯಾಮೆರಾಕ್ಕೆ ಹೊಂದುತ್ತಿತ್ತು ಎಂಬುದು ಸೋಜಿಗವೇ. 1959ರಲ್ಲಿ ನಿಕಾನ್ ಸಂಸ್ಥೆ ತನ್ನದೇ ಬೇರೆ ಕೊಂಡಿಯನ್ನು ತಂದಿತು.

ಕರಾವಳಿಗೆ ಬಂದ ಬಗೆ

ತೆಕ್ಕಟ್ಟೆ ಸೀಮೆಗೆ ಚಿತ್ರಕಲೆಯ ಈ ಯಂತ್ರ ಹೊಸದೇನಲ್ಲ. ಪಕ್ಕದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳ ಸಾಹಸಕ್ಕೆ ಕೈಹಾಕಿದ್ದರು. ಸಾಮಾನ್ಯರ ಪಾಲಿಗೆ ಮಾತ್ರ ಕ್ಯಾಮೆರಾ ಎಂದರೆ ಪೇಟೆಯ ಸ್ಟುಡಿಯೋ. ಮದುವೆ, ಉಪನಯನ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟಿನ ಚಿತ್ರ ಇವಿಷ್ಟಕ್ಕೆ ಆ ಪರದೆಯ ಮುಂದೆ ಕುಳಿತರಾಯಿತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಆಮದಿನ ಮೇಲೆ ಬಿಗಿ ಕಟ್ಟುಪಾಡುಗಳಿದ್ದವು. ಒಳ್ಳೆಯ ಕ್ಯಾಮೆರಾ ಕೊಳ್ಳುವುದು ಸುಲಭವಿರಲಿಲ್ಲ. ಬಡವರ ಪಾಲಿಗೆ ದೇಶದಲ್ಲೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಇತ್ತು. ರೂಪಾಯಿಯಲ್ಲೇ ವ್ಯವಹಾರ ನಡೆಸುತ್ತಿದ್ದ ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನಿಂದ ಝೆನಿತ್, ಪ್ರಾಕ್ಟಿಕಾಗಳು ಬಂದವು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ, ಮುಂದೆ ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯ ಮಕ್ಕಳು ಊರಿಗೆ ಬರುವಾಗ ಟೇಪ್‌ರೆಕಾರ್ಡರಿನ ಜೊತೆ ಯಾಶಿಕಾ, ಪೆಂಟಾಕ್ಸ್ ಕ್ಯಾಮೆರಾಗಳನ್ನೂ ತಂದರು. ಊರಿನ ಹಳೆಯ ಕಪಾಟಿನಲ್ಲಿ ಲೆನ್ಸೊಂದು ಸಿಕ್ಕರೆ ಅದರ ಹಿಂದೆ ಹೀಗೊಂದು ಪ್ರಯಾಣ ಇದ್ದೇ ಇರುತ್ತದೆ.

ಆ ಕಾಲದ ಲೆನ್ಸಿನಲ್ಲಿ ಮೋಟಾರಿಲ್ಲ, ತಂತಿಯಿಲ್ಲ. ಹಿತ್ತಾಳೆ ಅಥವಾ ಅಲ್ಯುಮಿನಿಯಂ ಕೊಳವೆ, ಗಾಜು, ಗ್ರೀಸು, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಉಕ್ಕಿನ ಎಸಳುಗಳು, ಇಷ್ಟೇ. ಬಳೆಯನ್ನು ಬೆರಳಲ್ಲಿ ತಿರುಗಿಸಿ ದೃಶ್ಯವನ್ನು ಸ್ಪಷ್ಟಗೊಳಿಸಬೇಕು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಪಳಗಿದ್ದು ಬೆರಳಿನ ಈ ವಿದ್ಯೆಯಲ್ಲೇ.

ಕನ್ನಡಿ ಹೋದ ಮೇಲೆ

1985ರಲ್ಲಿ ಮಿನೋಲ್ಟಾ ಸಂಸ್ಥೆಯ ಹೊಸ ಕ್ಯಾಮೆರಾ ತಾನಾಗಿಯೇ ಫೋಕಸ್ ಮಾಡುವ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿತು. 1987ರಲ್ಲಿ ಕ್ಯಾನನ್ ತನ್ನ ಹಳೆಯ ಕೊಂಡಿಯನ್ನೇ ಕೈಬಿಟ್ಟಿತು. ಕೈಯಿಂದ ತಿರುಗಿಸುವ ಲೆನ್ಸುಗಳ ಬೆಲೆ ಇಳಿಯಿತು. ಅದರ ಬೆನ್ನಿಗೇ ಡಿಜಿಟಲ್ ಯುಗ ಬಂತು. ಆದರೆ ಅದರ ಆರಂಭವೇ ಹಳೆಯ ಲೆನ್ಸಿನ ಮೂಲಕವಾಯಿತು ಎಂಬುದು ಗಮನಿಸಬೇಕಾದ ಮಾತು. 1991ರಲ್ಲಿ ಕೊಡ್ಯಾಕ್ ಮಾರಾಟಕ್ಕಿಟ್ಟ ವೃತ್ತಿಪರ ಡಿಜಿಟಲ್ ಕ್ಯಾಮೆರಾ ಬೇರೇನೂ ಅಲ್ಲ, ಹಿಂಬದಿಯಲ್ಲಿ ಎಲೆಕ್ಟ್ರಾನಿಕ್ ಫಲಕ ಕೂರಿಸಿದ ನಿಕಾನ್ ಎಫ್3 ಎಂಬ ಫಿಲಂ ಕ್ಯಾಮೆರಾ. ಮುಂದೆ ಕುಳಿತದ್ದು ಅದೇ ಫಿಲಂ ಲೆನ್ಸು.

ಹಾಗಿದ್ದರೂ ಯಾವ ಲೆನ್ಸನ್ನು ಯಾವ ಕ್ಯಾಮೆರಾಕ್ಕೂ ಹಾಕುವಂತಿರಲಿಲ್ಲ. ಕಾರಣ ಒಂದು ಸಣ್ಣ ಕನ್ನಡಿ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿ ದೃಶ್ಯವನ್ನು ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಮೇಲಕ್ಕೆ ಹಾರಿ ಬೆಳಕಿಗೆ ದಾರಿ ಬಿಡುತ್ತದೆ. ಅದು ಹಾರಲು ಜಾಗ ಬೇಕು. ಹಾಗಾಗಿ ಲೆನ್ಸು ಕೂರುವ ಬಳೆಗೂ ಹಿಂದಿನ ಫಿಲಮಿಗೂ ನಡುವೆ ನಿಗದಿತ ಅಂತರ ಇರುತ್ತದೆ. 42 ಮಿಲಿಮೀಟರ್ ತಿರುಪಿನ ಲೆನ್ಸಿಗೆ ಈ ಅಂತರ 45.46 ಮಿಲಿಮೀಟರ್. ನಿಕಾನ್‌ಗೆ 46.5. ಈ ಲೆಕ್ಕ ಒಂದು ಮಿಲಿಮೀಟರ್ ತಪ್ಪಿದರೂ ಸಾಕು, ದೂರದ ಬೆಟ್ಟ ಸ್ಪಷ್ಟವಾಗುವುದೇ ಇಲ್ಲ. ಝೆನಿತ್ ಲೆನ್ಸು ನಿಕಾನ್ ಕ್ಯಾಮೆರಾದಲ್ಲಿ ತೃಪ್ತಿಕರವಾಗಿ ಕೆಲಸ ಮಾಡದಿರುವುದು ಇದರಿಂದಲೇ.

2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಈ ಕನ್ನಡಿಯನ್ನೇ ತೆಗೆದುಹಾಕಿದ, ಲೆನ್ಸು ಬದಲಿಸಬಹುದಾದ ಕ್ಯಾಮೆರಾವನ್ನು ತಂದಿತು. ದೃಶ್ಯವನ್ನು ಕಣ್ಣಿಗೆ ತೋರಿಸುವ ಕೆಲಸವನ್ನು ಪುಟ್ಟ ಟಿ.ವಿ. ಪರದೆಯೊಂದು ವಹಿಸಿಕೊಂಡಿತು. 2010ರಲ್ಲಿ ಸೋನಿ ಅದೇ ಹಾದಿ ಹಿಡಿಯಿತು. ಸೋನಿಯ ಕೊಂಡಿಗೂ ಸೆನ್ಸರಿಗೂ ಇರುವ ಅಂತರ ಕೇವಲ 18 ಮಿಲಿಮೀಟರ್. ಹಳೆಯ ಲೆನ್ಸಿಗೆ ಬೇಕಾದ 45.46ರಲ್ಲಿ 18 ಕಳೆದರೆ ಉಳಿಯುವುದು 27.46. ಅಷ್ಟು ಉದ್ದದ ಒಂದು ಟೊಳ್ಳು ಬಳೆ, ಅಂದರೆ ಅಡಾಪ್ಟರು, ನಡುವೆ ಇಟ್ಟರೆ ಆಯಿತು. ಲೆನ್ಸಿಗೆ ತಾನು ಹುಟ್ಟಿದ ಮನೆಯಲ್ಲೇ ಇದ್ದಂತೆ. ಆ ಬಳೆಯಲ್ಲಿ ಗಾಜಿಲ್ಲ, ಯಂತ್ರವಿಲ್ಲ, ಅಗ್ಗದ ವಸ್ತು. ಇಷ್ಟು ಸರಳ ವ್ಯವಕಲನದಿಂದ ಎಂಟು ದಶಕಗಳ ಲೆನ್ಸುಗಳಿಗೆಲ್ಲ ಬಾಗಿಲು ತೆರೆಯಿತು.

ಇನ್ನೊಂದು ಅಡ್ಡಿ ಸೆನ್ಸರಿನ ಅಳತೆಯದು. ಆರಂಭದ ಡಿಜಿಟಲ್ ಕ್ಯಾಮೆರಾಗಳ ಸೆನ್ಸರು ಫಿಲಂ ಚೌಕಟ್ಟಿಗಿಂತ ಚಿಕ್ಕದು. ಆಗ ಲೆನ್ಸು ಮೂಡಿಸಿದ ಚಿತ್ರದ ನಡುಭಾಗ ಮಾತ್ರ ದಕ್ಕುತ್ತದೆ. 50 ಮಿಲಿಮೀಟರ್ ಲೆನ್ಸು 75 ಮಿಲಿಮೀಟರ್‌ನಂತೆ ವರ್ತಿಸುತ್ತದೆ. 2013ರಲ್ಲಿ ಸೋನಿ ಎ7 ಎಂಬ ಕನ್ನಡಿರಹಿತ ಕ್ಯಾಮೆರಾ ಪೂರ್ಣ 24 ಬೈ 36 ಮಿಲಿಮೀಟರ್ ಸೆನ್ಸರಿನೊಡನೆ ಬಂದಾಗ ಆ ಅಡ್ಡಿಯೂ ನಿವಾರಣೆಯಾಯಿತು. ಬಾರ್ನಾಕ್ ಸಿನಿಮಾ ಫಿಲಮಿನಿಂದ ಪಡೆದ ಅಳತೆ ಫಿಲಂ ಹೋದ ಮೇಲೂ ಸೆನ್ಸರಿನ ಅಳತೆಯಾಗಿ ಉಳಿಯಿತು.

ಆಟದ ರಾತ್ರಿ, ಮಲ್ಯಾಡಿಯ ಬೆಳಗು

ಹೊಸ ಲೆನ್ಸುಗಳು ಅಳತೆಗೋಲಿನಲ್ಲಿ ಹಳೆಯವನ್ನು ಮೀರಿಸುತ್ತವೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಅಂಚಿನವರೆಗೂ ಸ್ಪಷ್ಟತೆ, ಎದುರು ಬೆಳಕಿಗೂ ಮಬ್ಬಾಗದ ಗುಣ ಅವುಗಳಲ್ಲಿ ಹೆಚ್ಚು. ಹಾಗಾದರೆ ಹಳೆಯದರ ಪ್ರಯೋಜನವೇನು? ಮೊದಲ ಉತ್ತರ ಬೆಳಕಿನದು. ಡಿಜಿಟಲ್ ಕ್ಯಾಮೆರಾದ ಜೊತೆ ಸಾಮಾನ್ಯವಾಗಿ ಸಿಗುವ ಅಗ್ಗದ ಝೂಮ್ ಲೆನ್ಸಿನ ಕಿಂಡಿ ದೂರದ ತುದಿಯಲ್ಲಿ ಎಫ್ 5.6 ಮಾತ್ರ ತೆರೆಯುತ್ತದೆ. ಹೀಲಿಯಾಸ್ ಎಫ್ 2ರವರೆಗೆ ತೆರೆಯುತ್ತದೆ. ಅಂದರೆ ಸುಮಾರು ಎಂಟು ಪಟ್ಟು ಬೆಳಕು. ಹಳೆಯ ಪೆಂಟಾಕ್ಸ್‌ನ ಎಫ್ 1.4 ಲೆನ್ಸಾದರೆ ಹದಿನಾರು ಪಟ್ಟು.

ಈ ವ್ಯತ್ಯಾಸ ಎದ್ದು ಕಾಣುವುದು ಯಕ್ಷಗಾನದ ಆಟದಲ್ಲಿ. ಫಿಲಂ ಕಾಲದಲ್ಲಿ ಆಟದ ಫೋಟೊ ಎಂದರೆ ಫ್ಲಾಶ್ ಹೊಡೆದದ್ದು. ಫ್ಲಾಶಿನ ಬಿಳಿ ಬೆಳಕಿಗೆ ಮುಖವರ್ಣಿಕೆಯ ಏರಿಳಿತ ಚಪ್ಪಟೆಯಾಗುತ್ತದೆ, ಎದೆಕಟ್ಟು ಭುಜಕೀರ್ತಿಗಳ ಹೊಳಪು ಕುರುಡು ಬಿಳುಪಾಗುತ್ತದೆ, ಹಿಂದಿನ ಹಿಮ್ಮೇಳ ಕತ್ತಲಲ್ಲಿ ಮುಳುಗುತ್ತದೆ. ದೊಂದಿ, ಗ್ಯಾಸ್‌ಲೈಟುಗಳ ಬೆಳಕಿನಲ್ಲಿ ಬೆಳೆದ ಕಲೆ ಅದು. ರಂಗಸ್ಥಳದ ಇದ್ದ ಬೆಳಕಿನಲ್ಲೇ ಚಿತ್ರ ತೆಗೆಯಲು ಹಿಂದೆ ಫಿಲಮಿಗೆ ಶಕ್ತಿ ಸಾಲುತ್ತಿರಲಿಲ್ಲ, ಲೆನ್ಸಿಗಿತ್ತು. ಇಂದಿನ ಸೆನ್ಸರಿಗೆ ಆ ಶಕ್ತಿ ಬಂದಿದೆ. ಎರಡೂ ಸೇರಿದಾಗ ಬಡಗುತಿಟ್ಟಿನ ಕೇದಗೆ ಮುಂದಲೆಯ ವೇಷ ಪ್ರೇಕ್ಷಕ ಕಂಡ ಬಣ್ಣದಲ್ಲೇ ದಾಖಲಾಗುತ್ತದೆ. ಮಂದ ಬೆಳಕಿಗೆ ಹೀಗೆ ಲೆನ್ಸು ಹೊಂದಿಸಿದ ಪ್ರಸಿದ್ಧ ಉದಾಹರಣೆ ಸಿನಿಮಾದಲ್ಲೂ ಇದೆ. 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಮೇಣದ ಬತ್ತಿಯ ಬೆಳಕಿನ ದೃಶ್ಯಗಳಿಗಾಗಿ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್, ಅಮೆರಿಕದ ಬಾಹ್ಯಾಕಾಶ ಸಂಸ್ಥೆಗೆಂದು ಝೈಸ್ ತಯಾರಿಸಿದ್ದ ಎಫ್ 0.7 ಲೆನ್ಸನ್ನು ಸಿನಿಮಾ ಕ್ಯಾಮೆರಾಕ್ಕೆ ಒಗ್ಗಿಸಿದ್ದ.

ಎರಡನೆಯ ಉತ್ತರ ಗುಣದ್ದು. ಹೀಲಿಯಾಸ್‌ನ ದೋಷವೇ ಅದರ ಸೊಗಸು ಎನ್ನುವವರಿದ್ದಾರೆ. ಅದು ಹಿನ್ನೆಲೆಯ ಎಲೆ, ದೀಪಗಳನ್ನು ಸುಳಿಯಂತೆ ಸುತ್ತಿಸಿ ತೋರಿಸುತ್ತದೆ. ಇದನ್ನು ಎಲ್ಲರೂ ಮೆಚ್ಚಬೇಕಾಗಿಲ್ಲ. ಆಟದ ದಾಖಲೆಗೆ ಸುಳಿಗಿಂತ ಸ್ಪಷ್ಟತೆ ಮುಖ್ಯ.

ಮಲ್ಯಾಡಿಯಲ್ಲಿ ಲೆಕ್ಕ ಬೇರೆ. ಹೊಂಡದ ಮೇಲೆ ಹಾರುವ ಬಾತುಗಳ ಹಿಂಡನ್ನು ಕೈಯಿಂದ ಬಳೆ ತಿರುಗಿಸಿ ಹಿಡಿಯುವುದು ಕಷ್ಟ. ಅಲ್ಲಿ ತಾನಾಗಿ ಫೋಕಸ್ ಮಾಡುವ ಹೊಸ ಲೆನ್ಸೇ ಮೇಲು. ಆದರೆ ಜೊಂಡಿನ ಅಂಚಿನಲ್ಲಿ ನಿಂತ ಜಂಬುಕೋಳಿಗೆ, ಧ್ಯಾನಕ್ಕೆ ಕುಳಿತ ಬಕಕ್ಕೆ ಹಳೆಯ ದೂರದರ್ಶಕ ಲೆನ್ಸು ಸಾಕು. ಕ್ಯಾಮೆರಾದ ಪರದೆಯಲ್ಲಿ ದೃಶ್ಯವನ್ನು ಹಿಗ್ಗಿಸಿ ನೋಡಿ ಫೋಕಸ್ ಮಾಡುವ ಅನುಕೂಲ ಹಿಂದಿನವರಿಗೆ ಇರಲಿಲ್ಲ. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇಂದು ಹಲವು ಕ್ಯಾಮೆರಾಗಳ ಒಳಗೇ ಇರುವುದರಿಂದ ಅದರ ಲಾಭವೂ ಹಳೆಯ ಲೆನ್ಸಿಗೆ ಸಿಗುತ್ತದೆ.

ಮಳೆಗಾಲದ ಶತ್ರು

ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಲೆನ್ಸುಗಳಿಗೆ ಕೆಟ್ಟ ಕಾಲ ಶುರು. ಗಾಳಿಯ ತೇವ ನೂರಕ್ಕೆ ಅರವತ್ತೈದು ಎಪ್ಪತ್ತನ್ನು ಮೀರಿದರೆ ಬೂಷ್ಟಿಗೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬೂಷ್ಟು ಗಾಜನ್ನು ತಿನ್ನುವುದಿಲ್ಲ. ಬೆರಳಿನ ಜಿಡ್ಡು, ಧೂಳು, ಒಳಗಿನ ಗ್ರೀಸಿನ ಆವಿ ಅದಕ್ಕೆ ಆಹಾರ. ಆದರೆ ಬೆಳೆಯುತ್ತಾ ಅದು ಒಸರುವ ಆಮ್ಲ ಮೊದಲು ಲೇಪವನ್ನು, ಆಮೇಲೆ ಗಾಜನ್ನು ಕೊರೆಯುತ್ತದೆ. ಬೇಗ ಕಂಡರೆ ಬಿಚ್ಚಿ ಒರೆಸಿ ಉಳಿಸಬಹುದು. ತಡವಾದರೆ ಜೇಡನ ಬಲೆಯಂಥ ಗೆರೆಗಳು ಶಾಶ್ವತ.

ಚರ್ಮದ ಚೀಲ ಸುರಕ್ಷಿತ ಎಂದು ಬಹಳ ಜನ ನಂಬಿದ್ದರು. ತೇವ ಹೀರಿ ಹಿಡಿದಿಡುವ ಚರ್ಮವೇ ಬೂಷ್ಟಿನ ತವರು. ಸಣ್ಣ ಬಲ್ಬು ಉರಿಸಿಟ್ಟ ಕಪಾಟು ಸ್ಟುಡಿಯೋದವರ ಹಳೆಯ ಉಪಾಯ. ಬಿಗಿ ಮುಚ್ಚಳದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು ಇನ್ನೊಂದು. ಎಲ್ಲಕ್ಕಿಂತ ಒಳ್ಳೆಯದು ಲೆನ್ಸನ್ನು ಬಳಸುತ್ತಿರುವುದು. ಬೆಳಕು, ಗಾಳಿ ಆಡುವಲ್ಲಿ ಬೂಷ್ಟು ನಿಲ್ಲುವುದು ಕಷ್ಟ.

ಹಳೆಯ ಗಾಜಿಗೆ ಬೇರೆ ಕಾಯಿಲೆಗಳೂ ಇವೆ. 1960ರ ದಶಕದ ಕೆಲವು ಲೆನ್ಸುಗಳ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ಬೆಳಕನ್ನು ಹೆಚ್ಚು ಬಾಗಿಸುವ ಗುಣ ಅದಕ್ಕಿತ್ತು. ಅದರ ಅಲ್ಪ ವಿಕಿರಣದಿಂದ ಗಾಜು ವರ್ಷಗಳು ಕಳೆದಂತೆ ಹಳದಿ ತಿರುಗುತ್ತದೆ. ಕೆಲವು ದಿನ ಬಿಸಿಲಿಗೆ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಕತ್ತಲ ಕೋಣೆಯ ಲೆನ್ಸು

ಇಷ್ಟೆಲ್ಲ ಹೇಳಿದ ಮೇಲೂ ಇದು ಹವ್ಯಾಸಿಗಳ ಗೀಳು ಎನ್ನಿಸಬಹುದು. ಹಾಗಲ್ಲವೆಂದು ತೋರಿಸುವ ಬಳಕೆ ಒಂದಿದೆ. ಅದರ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ.

ಪ್ರತಿ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ನೆಗೆಟಿವ್‌ನಿಂದ ದೊಡ್ಡ ಪ್ರತಿ ಮಾಡುವ ಎನ್‌ಲಾರ್ಜರ್ ಯಂತ್ರ ಇರುತ್ತಿತ್ತು. ಅದರ ತುದಿಯಲ್ಲಿ ಒಂದು ಪುಟ್ಟ ಲೆನ್ಸು. ಕತ್ತಲ ಕೋಣೆಗಳು ಮುಚ್ಚಿದಾಗ ಯಂತ್ರ ತೂಕಕ್ಕೆ ಹೋಯಿತು, ಲೆನ್ಸೂ ಅದರೊಡನೆ. ಆದರೆ ಹತ್ತಿರದ, ಚಪ್ಪಟೆಯಾದ ವಸ್ತುವನ್ನು ಅಂಚಿನಿಂದ ಅಂಚಿಗೆ ಸಮನಾಗಿ ಸ್ಪಷ್ಟವಾಗಿ ಕಾಣಲೆಂದೇ ರೂಪಿಸಿದ ಲೆನ್ಸು ಅದು. ಅವುಗಳಲ್ಲಿ ಬಹುಪಾಲಿನ ತಿರುಪು 39 ಮಿಲಿಮೀಟರ್, ಲೈಕಾದ ಅದೇ ಹಳೆಯ ಅಳತೆ. ಅದನ್ನು ಬಳೆ ಮತ್ತು ಮಡಿಕೆಯ ಕೊಳವೆಯ ಮೂಲಕ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ, ಕೆಳಗೆ ಬಿಳಿ ದೀಪದ ಮೇಲೆ ಹಳೆಯ ನೆಗೆಟಿವ್ ಇಟ್ಟರೆ, ಅದು ಹಾಗೆಯೇ ಡಿಜಿಟಲ್ ಪ್ರತಿಯಾಗುತ್ತದೆ. 24 ಬೈ 36ರ ನೆಗೆಟಿವ್ 24 ಬೈ 36ರ ಸೆನ್ಸರಿನ ಮೇಲೆ ಅಳತೆಗೆ ಅಳತೆ ಕೂರುತ್ತದೆ. ಬಣ್ಣ ತಿರುಗಿಸಿ ಧನಾತ್ಮಕ ಚಿತ್ರ ಮಾಡುವುದು ಕಂಪ್ಯೂಟರಿನ ಕೆಲಸ.

ಇದಕ್ಕೆ ಕಾಲಮಿತಿ ಇದೆ. ಲೆನ್ಸಿಗೆ ಬರುವ ಬೂಷ್ಟು ನೆಗೆಟಿವ್‌ನ ಜೆಲಟಿನ್ ಪದರಕ್ಕೆ ಇನ್ನೂ ಬೇಗ ಬರುತ್ತದೆ, ಏಕೆಂದರೆ ಜೆಲಟಿನ್ ಅದಕ್ಕೆ ನೇರ ಆಹಾರ. ಅಸಿಟೇಟ್ ಫಿಲಂ ಸೆಖೆ ಮತ್ತು ತೇವದಲ್ಲಿ ತನ್ನಷ್ಟಕ್ಕೆ ಕೊಳೆಯತೊಡಗುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲಂ ಸುರುಟಿಕೊಳ್ಳುವ ಹಂತಕ್ಕೆ ಬಂದಿದೆ ಎಂದರ್ಥ. ಒಂದು ಡಬ್ಬಿಯ ವಾಸನೆ ಪಕ್ಕದ ಡಬ್ಬಿಗೂ ರೋಗ ಹರಡುತ್ತದೆ. ಪ್ರತಿ ಮಳೆಗಾಲ ಒಂದಷ್ಟು ನೆಗೆಟಿವ್‌ಗಳನ್ನು ಒಯ್ಯುತ್ತದೆ.

ಆ ಡಬ್ಬಿಗಳಲ್ಲಿ ಇರುವುದು ಬರಿಯ ಮದುವೆಗಳಲ್ಲ. ಹೆದ್ದಾರಿ ಅಗಲವಾಗುವ ಮುನ್ನಿನ ಪೇಟೆಬೀದಿ, ಹೆಂಚಿನ ಕಾರ್ಖಾನೆಯ ಕೆಲಸಗಾರರು, ಮುಂಬಯಿ ಬಸ್ಸು ಹತ್ತುವ ಮುನ್ನ ಸ್ಟುಡಿಯೋಕ್ಕೆ ಬಂದ ಹುಡುಗರು, ಹೆಸರು ಮರೆತುಹೋದ ವೇಷಧಾರಿಗಳು. ದೊಡ್ಡವರ ಚಿತ್ರಗಳನ್ನು ಪತ್ರಿಕೆಗಳು, ಗ್ರಂಥಾಲಯಗಳು ಕಾಯುತ್ತವೆ. ಸಣ್ಣ ಊರಿನ ಸಾಮಾನ್ಯರ ಚಿತ್ರಗಳಿಗೆ ಆ ಸ್ಟುಡಿಯೋದ ಕಪಾಟೇ ಕೊನೆಯ ಆಸರೆ.

ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯದ್ದಲ್ಲ. ಗುಜರಿಗೆ ಹೊರಟ ಒಂದು ಲೆನ್ಸು, ಒಂದು ಟೊಳ್ಳು ಬಳೆ, ಊರಿನ ಯಾರದೋ ಕೈಯಲ್ಲಿರುವ ಕ್ಯಾಮೆರಾ, ಚಿತ್ರದಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು. ಇವುಗಳಲ್ಲಿ ಮೊದಲ ಮೂರು ಮುಂದಿನ ವರ್ಷವೂ ಸಿಕ್ಕಾವು. ನಾಲ್ಕನೆಯದಕ್ಕೆ ಮಾತ್ರ ಅಡಾಪ್ಟರು ಇಲ್ಲ.